ಬಾಗಿಲ ಬಳಿ ನಿಂತ ಥೆರಪಿಸ್ಟ್: ಒಂದು ಪ್ರಕರಣ ಅಧ್ಯಯನ

ಅಮೆರಿಕದ ಮಿಡ್‌ವೆಸ್ಟ್ ಭಾಗದಲ್ಲಿ, ಒಂದು ಕಾಲಕ್ಕೆ ಕಾರ್ಖಾನೆಗಳನ್ನೇ ನಂಬಿ ಬದುಕಿದ್ದ ನಡುಗಾತ್ರದ ನಗರವೊಂದರ ಸಮುದಾಯ ಮಾನಸಿಕ ಆರೋಗ್ಯ ಕೇಂದ್ರದಲ್ಲಿ ನಡೆದ ಪ್ರಕರಣ ಇದು. ಬೆಂಗಳೂರಿನಲ್ಲಿ ಸಮಾಜಕಾರ್ಯ ಓದಿ, ಇಲ್ಲಿಗೆ ಬಂದು ಮತ್ತೆ ಓದಿ ಲೈಸೆನ್ಸ್ ಪಡೆದ ನಾನು ಅಲ್ಲಿ ಕ್ಲಿನಿಕಲ್ ಸೂಪರ್‌ವೈಸರ್, ಅಂದರೆ ಥೆರಪಿಸ್ಟ್‌ಗಳ ಕೆಲಸದ ಮೇಲ್ವಿಚಾರಕಿ, ಆಗಿದ್ದೇನೆ. ಪ್ರಕರಣದ ನಡುವೆ ಇರುವ ಥೆರಪಿಸ್ಟ್ ಅವರನ್ನು ಇಲ್ಲಿ ಡಿ. ಎಂದು ಕರೆಯುತ್ತೇನೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ. ಕನ್ನಡದಲ್ಲಿ ಬರೆಯುವುದಕ್ಕೆ ಕಾರಣವಿದೆ. ಹೊರದೇಶಗಳ ಆಸ್ಪತ್ರೆಗಳಲ್ಲಿ, ಮಾನಸಿಕ ಆರೋಗ್ಯ ಮತ್ತು ವ್ಯಸನ ಚಿಕಿತ್ಸಾ ಕೇಂದ್ರಗಳಲ್ಲಿ ಕೆಲಸ ಮಾಡುವ ಕನ್ನಡಿಗರು ಹಲವರಿದ್ದಾರೆ. ಅವರಲ್ಲಿ ಕೆಲವರು ನನ್ನಂತೆ ಇನ್ನೊಬ್ಬರ ಕೆಲಸವನ್ನು ಅಳೆದು ತೂಗುವ ಜಾಗದಲ್ಲಿದ್ದಾರೆ. ನಾನು ತಡವಾಗಿ ಕಂಡದ್ದು ಅವರಿಗೆ ಬೇಗ ಕಾಣಲಿ ಎಂಬುದು ನನ್ನ ಆಸೆ.

ಹಿನ್ನೆಲೆ

ಡಿ. ನಮ್ಮಲ್ಲಿ ಸೇರಿದ್ದು 2021ರ ಅಕ್ಟೋಬರ್‌ನಲ್ಲಿ. ಮೂವತ್ತರ ಆಸುಪಾಸಿನ ವಯಸ್ಸು, ಆರಡಿ ಮೀರಿದ ಎತ್ತರ, ಮೆಲುದನಿ. ಅದೇ ನಗರದಲ್ಲಿ ಹುಟ್ಟಿ ಬೆಳೆದವರು. ಬಾಲಕರ ವಸತಿಗೃಹವೊಂದರಲ್ಲಿ ವರ್ಷಗಟ್ಟಲೆ ರಾತ್ರಿ ಪಾಳಿಯಲ್ಲಿ ದುಡಿಯುತ್ತ, ಹಗಲು ತರಗತಿಗಳಿಗೆ ಹೋಗಿ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ್ದರು. ಆಘಾತಕ್ಕೊಳಗಾದ ಮಕ್ಕಳ ಚಿಕಿತ್ಸೆಯಲ್ಲಿ ಬೇರೆಯಾಗಿ ತರಬೇತಿ ಪಡೆದಿದ್ದರು. ಈ ಕೊನೆಯ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ನಾವು ಅದನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಮರೆತಿದ್ದೆವು.

ನಮ್ಮ ಕೇಂದ್ರಕ್ಕೆ ಬರುವವರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಮಂದಿ ಕಪ್ಪುವರ್ಣೀಯರು. ನಲವತ್ತರ ಹತ್ತಿರವಿದ್ದ ಥೆರಪಿಸ್ಟ್‌ಗಳಲ್ಲಿ ಕಪ್ಪುವರ್ಣೀಯ ಹೆಂಗಸರು ಇಬ್ಬರು, ಗಂಡಸರಲ್ಲಿ ಡಿ. ಒಬ್ಬರೇ. ಕಟ್ಟಡದೊಳಗೆ ಕೆಲಸಕ್ಕಿದ್ದ ಇನ್ನಿಬ್ಬರು ಕಪ್ಪುವರ್ಣೀಯ ಗಂಡಸರೆಂದರೆ ಗುತ್ತಿಗೆಯ ಕಾವಲುಗಾರರು ಮತ್ತು ಸಂಜೆ ನೆಲ ಒರೆಸಲು ಬರುತ್ತಿದ್ದವರು. ಇದು ನಮ್ಮೊಂದು ಕೇಂದ್ರದ ಕಥೆಯಲ್ಲ. ಅಮೆರಿಕದ ಜನಸಂಖ್ಯೆಯಲ್ಲಿ ಕಪ್ಪುವರ್ಣೀಯರು ಸುಮಾರು ಶೇ. 13 ಇದ್ದಾರೆ, ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ 2015ಕ್ಕೆ ಕೊಟ್ಟ ಲೆಕ್ಕದಲ್ಲಿ ಮನೋವಿಜ್ಞಾನಿಗಳ ಪೈಕಿ ಅವರ ಪಾಲು ಶೇ. 4, ಬಿಳಿಯರದು ಶೇ. 86. ಸಮಾಜಕಾರ್ಯದಲ್ಲಿ ಕಪ್ಪುವರ್ಣೀಯರು ಇದಕ್ಕಿಂತ ಹೆಚ್ಚಿದ್ದಾರಾದರೂ, ಆ ವೃತ್ತಿಯಲ್ಲಿ ಐವರಲ್ಲಿ ನಾಲ್ವರಿಗೂ ಮಿಕ್ಕಿ ಹೆಂಗಸರೇ. ಒಂದು ಜರಡಿ ಬಣ್ಣದ್ದು, ಇನ್ನೊಂದು ಲಿಂಗದ್ದು. ಎರಡರಲ್ಲೂ ಸೋಸಿದ ಮೇಲೆ ಉಳಿಯುವ ಕಪ್ಪುವರ್ಣೀಯ ಗಂಡಸರು ಬೆರಳೆಣಿಕೆಯಷ್ಟು.

ಡಿ. ತಮ್ಮ ಕೋಣೆಯ ಗೋಡೆಗೆ ಅಂಗೈ ಅಗಲದ ಒಂದು ಫೋಟೊ ತೂಗುಹಾಕಿದ್ದರು. ಅದು ಸಾಲೊಮನ್ ಕಾರ್ಟರ್ ಫುಲ್ಲರ್ ಅವರದು. 1872ರಲ್ಲಿ ಲೈಬೀರಿಯದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದು, ಈ ದೇಶದ ಮೊದಲ ಕಪ್ಪುವರ್ಣೀಯ ಮನೋವೈದ್ಯರೆಂದು ಹೆಸರಾದವರು. ಮ್ಯೂನಿಕ್‌ನಲ್ಲಿ ಅಲೋಯಿಸ್ ಆಲ್ಝೈಮರ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರು. ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ವಿಭಾಗದ ಮುಖ್ಯಸ್ಥರ ಕೆಲಸವನ್ನೆಲ್ಲ ಅವರು ಮಾಡುತ್ತಿದ್ದರೂ ಆ ಹುದ್ದೆ ಅವರಿಗೆ ಸಿಗಲಿಲ್ಲ. ಅವರಿಗಿಂತ ಕಿರಿಯ ಬಿಳಿಯ ಸಹೋದ್ಯೋಗಿಯನ್ನು ಅಲ್ಲಿ ಕೂರಿಸಿದಾಗ, 1933ರಲ್ಲಿ, ಅವರು ನಿವೃತ್ತಿ ಪಡೆದರು. ಫೋಟೊದಲ್ಲಿರುವುದು ಯಾರೆಂದು ಕ್ಲೈಂಟ್‌ಗಳು ಕೇಳುತ್ತಿದ್ದರಂತೆ. ನಾನು ಕೇಳಿದ್ದು ಎರಡನೇ ವರ್ಷದಲ್ಲಿ.

ಡಿ. ಸೇರಿದ ಕಾಲವೂ ಮುಖ್ಯ. 2020ರ ಮೇ ತಿಂಗಳಲ್ಲಿ ಮಿನಿಯಾಪೊಲಿಸ್‌ನಲ್ಲಿ ಪೊಲೀಸ್ ಅಧಿಕಾರಿಯೊಬ್ಬ ಜಾರ್ಜ್ ಫ್ಲಾಯ್ಡ್ ಅವರನ್ನು ಕೊಂದ ಮೇಲೆ, ಸಂಸ್ಥೆಗಳೆಲ್ಲ ತಮ್ಮೊಳಗೆ ಯಾರಿದ್ದಾರೆ, ಯಾರಿಲ್ಲ ಎಂದು ನೋಡಿಕೊಳ್ಳತೊಡಗಿದ್ದವು. 2021ರ ಜನವರಿಯಲ್ಲಿ ಅಮೆರಿಕದ ಮನೋವೈದ್ಯರ ಸಂಘ, ಅಕ್ಟೋಬರ್‌ನಲ್ಲಿ ಮನೋವಿಜ್ಞಾನಿಗಳ ಸಂಘ, ತಮ್ಮ ಕ್ಷೇತ್ರಗಳ ಜನಾಂಗೀಯ ಅನ್ಯಾಯಕ್ಕೆ ಕ್ಷಮೆ ಕೇಳಿದವು. ನಮ್ಮ ಕೇಂದ್ರವೂ ಮನಃಪೂರ್ವಕವಾಗಿಯೇ ಡಿ. ಅವರನ್ನು ಬರಮಾಡಿಕೊಂಡಿತು. ತಿಂಗಳೊಳಗೆ ಅವರ ನಗುಮುಖ ನಮ್ಮ ಕರಪತ್ರದ ಮೊದಲ ಪುಟದಲ್ಲಿತ್ತು.

ತೊಡಕು

ಹದಿನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಡಿ. ಅವರ ಬಗ್ಗೆ ದೂರುಗಳು ಬರತೊಡಗಿದವು. ಪ್ರತಿ ಭೇಟಿಯ ಟಿಪ್ಪಣಿಯನ್ನು ಎರಡು ದಿನದೊಳಗೆ ಕಂಪ್ಯೂಟರಿಗೆ ಏರಿಸಬೇಕೆಂಬ ನಿಯಮವಿದೆ, ವಿಮೆಯ ಹಣ ಬರುವುದು ಅದರ ಮೇಲೆ. ಡಿ. ಅವರ ಟಿಪ್ಪಣಿಗಳು ವಾರಗಟ್ಟಲೆ ತಡವಾಗುತ್ತಿದ್ದವು. ತಂಡದ ಸಭೆಗಳಲ್ಲಿ ಅವರು ತುಟಿಪಿಟಕ್ಕೆನ್ನುತ್ತಿರಲಿಲ್ಲ. ಸೋಮವಾರಗಳಂದು ರಜೆ ಹಾಕುವುದು ಹೆಚ್ಚಾಗಿತ್ತು. ಆಡಳಿತ ವಿಭಾಗದವರು ನನ್ನನ್ನು ಕರೆದು, ಅವರಿಗೆ ಕಾರ್ಯಕ್ಷಮತೆ ಸುಧಾರಣೆಯ ನೋಟಿಸ್ ತಯಾರಿಸಲು ಹೇಳಿದರು. ಈ ದೇಶದ ಕಚೇರಿಗಳಲ್ಲಿ ಅಂಥ ನೋಟಿಸ್ ಎಂದರೆ ಬಹುಮಟ್ಟಿಗೆ ಕೆಲಸದಿಂದ ತೆಗೆಯುವ ಮೊದಲ ಮೆಟ್ಟಿಲು.

ಆ ವಾರ ನಾನು ನೋಟಿಸ್‌ನ ಕರಡನ್ನು ಅರ್ಧ ಬರೆದಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಅದು ಅಲ್ಲಿಗೆ ನಿಂತದ್ದು ನಮ್ಮಿಬ್ಬರ ವಾರದ ಸೂಪರ್‌ವಿಷನ್ ನಡೆಯುತ್ತಿದ್ದಾಗ. ಇಂಟರ್ನ್ ಹುಡುಗಿಯೊಬ್ಬಳು ಬಾಗಿಲು ತಟ್ಟಿ, ನಾಲ್ಕನೇ ಕೋಣೆಯಲ್ಲಿ ಕ್ಲೈಂಟ್ ದನಿ ಏರಿಸುತ್ತಿದ್ದಾರೆ, ಡಿ. ಅವರು ಸ್ವಲ್ಪ ಬಂದು ಬಾಗಿಲ ಬಳಿ ನಿಂತಿರಬಹುದೇ ಎಂದು ಕೇಳಿದಳು. ಡಿ. ಒಂದು ಮಾತೂ ಆಡದೆ ಎದ್ದರು. ಎದ್ದವರು, ಕೊರಳಲ್ಲಿ ನೇತಾಡುತ್ತಿದ್ದ ಗುರುತಿನ ಚೀಟಿಯನ್ನು ಹೆಬ್ಬೆರಳಿನಿಂದ ತಿರುಗಿಸಿ, ಫೋಟೊ ಇರುವ ಮಗ್ಗುಲು ಎದುರಿಗೆ ಕಾಣುವಂತೆ ಮಾಡಿಕೊಂಡು, ಅಂಗಿಯ ಮೇಲೆ ಒಮ್ಮೆ ಒತ್ತಿ ಸರಿಪಡಿಸಿದರು. ಆ ಕೈಚಲನೆ ಎಷ್ಟು ರೂಢಿಯಾಗಿತ್ತೆಂದರೆ, ಎಷ್ಟು ಸಲ ಹೀಗೆ ಎದ್ದಿರಬೇಕು ಎಂದು ಮೊದಲ ಬಾರಿಗೆ ನನ್ನ ಮನಸ್ಸಿಗೆ ಬಂತು. ಇಪ್ಪತ್ತೈದು ನಿಮಿಷ ಬಿಟ್ಟು ಅವರು ಮರಳಿದರು. ಅಷ್ಟರಲ್ಲಿ ನಮ್ಮ ಸಮಯ ಮುಗಿದಿತ್ತು.

ಮೊದಲ ಪ್ರಯತ್ನ

ಮರುವಾರ ನಾನು ಇದನ್ನು ಎತ್ತಿದೆ, ಆದರೆ ತಪ್ಪು ತುದಿಯಿಂದ ಎತ್ತಿದೆ. ನಾನೂ ಹೊರಗಿನವಳು, ನನ್ನ ಮಾತಿನ ಧಾಟಿಯನ್ನು ಕೇಳಿ ಮುಖ ತಿರುಗಿಸಿದ ಕ್ಲೈಂಟ್‌ಗಳನ್ನು ಕಂಡವಳು, ಆದ್ದರಿಂದ ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ ಎಂದೆ. ಡಿ. ಸೌಜನ್ಯದಿಂದ ತಲೆಯಾಡಿಸಿ ಗೋಡೆಯ ಗಡಿಯಾರ ನೋಡಿದರು. ಅದಾದ ಮೇಲೆ ಐದಾರು ವಾರ ನಮ್ಮ ಮಾತು ಫೈಲುಗಳನ್ನು ಬಿಟ್ಟು ಆಚೆ ಹೋಗಲಿಲ್ಲ.

ಆ ಮಾತಿನಲ್ಲಿದ್ದ ದೋಷ ನನಗೆ ಹೊಳೆದದ್ದು ನನ್ನ ಊರಿನ ನೆನಪಿನಿಂದ. ನಮ್ಮ ಕಡೆ ಹೊಸಬರು ಮನೆಗೆ ಬಂದರೆ ಹೆಸರಾದ ಮೇಲೆ ಕೇಳುವ ಪ್ರಶ್ನೆ ‘ನೀವು ಯಾರ ಪೈಕಿ?’ ಎಂಬುದು. ಆ ಪ್ರಶ್ನೆಗೆ ಅಂಜದೆ ಉತ್ತರ ಹೇಳಬಲ್ಲ ಮನೆಯಲ್ಲಿ ನಾನು ಹುಟ್ಟಿದವಳು. ಉತ್ತರ ಹೇಳಿದೊಡನೆ ಲೋಟ ಬೇರೆಯಾಗುವವರ ಪಕ್ಕದಲ್ಲೇ ಶಾಲೆಯಲ್ಲಿ ಕೂತಿದ್ದರೂ ಅವರ ಎದೆಯೊಳಗೆ ಏನಾಗುತ್ತಿತ್ತೆಂದು ನನಗೆ ತಿಳಿದಿರಲಿಲ್ಲ. ಅಮೆರಿಕದಲ್ಲಿ ನನ್ನನ್ನು ಹೊರಗಿನವಳೆಂದು ನೋಡುವವರಿದ್ದಾರೆ, ನಿಜ. ಆದರೆ ನನ್ನನ್ನು ನೋಡಿ ಯಾರೂ ಹೆದರುವುದಿಲ್ಲ, ಹೆದರಿದವರನ್ನು ಸಮಾಧಾನಪಡಿಸುವ ಹೊಣೆ ನನ್ನ ಮೇಲೆ ಬೀಳುವುದಿಲ್ಲ. ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದರಿಂದ ಡಿ. ಅವರು ನನ್ನೆದುರು ಹೇಳಬಹುದಾಗಿದ್ದ ಮಾತು ಒಳಗೇ ಉಳಿಯಿತು. ಕೇಂದ್ರ ಏರ್ಪಡಿಸಿದ ಅರ್ಧ ದಿನದ ತರಬೇತಿಯೂ ಇದೇ ಹಾದಿ ಹಿಡಿಯಿತು. ಅದರ ಕೊನೆಯಲ್ಲಿ, ತಮ್ಮ ಅನುಭವದ ಬಗ್ಗೆ ನಾಲ್ಕು ಮಾತಾಡಿ ಎಂದು ಡಿ. ಅವರನ್ನೇ ಎಬ್ಬಿಸಿ ನಿಲ್ಲಿಸಲಾಯಿತು.

ಎಣಿಕೆ

ಪ್ರಕರಣದ ನಿಜವಾದ ತಿರುವು ಒಂದು ನೋಟ್‌ಬುಕ್. ನಾನು ಕ್ಷಮೆ ಕೇಳಿ, ಅರ್ಥವಾಗುತ್ತದೆಂದು ಹೇಳಿದ್ದು ತಪ್ಪಾಯಿತು, ನಿಮ್ಮ ದಿನ ಹೇಗೆ ಕಳೆಯುತ್ತದೆಂಬುದನ್ನು ಮಾತ್ರ ನನಗೆ ತೋರಿಸಿ ಎಂದೆ. ಆರು ವಾರ ಕಾಲ ಡಿ. ತಮ್ಮನ್ನು ಯಾರು, ಯಾವಾಗ, ಯಾವುದಕ್ಕೆ ಕರೆದರೆಂದು ಬರೆದಿಟ್ಟರು. ‘ಸ್ವಲ್ಪ ಬಾಗಿಲ ಬಳಿ ನಿಂತಿರಿ’ ಎಂಬ ಕರೆ ಹದಿನೇಳು ಸಲ ಬಂದಿತ್ತು. ಅವುಗಳಲ್ಲಿ ನಿಜವಾದ ಅಪಾಯವಿದ್ದದ್ದು ಎರಡರಲ್ಲಿ. ಹೆಚ್ಚಿನ ಕರೆಗಳು ಎರಡು ಭೇಟಿಗಳ ನಡುವಿನ ಬಿಡುವಿನಲ್ಲಿ ಬಂದಿದ್ದವು. ಟಿಪ್ಪಣಿ ಬರೆಯುವುದು ಆ ಬಿಡುವಿನಲ್ಲೇ. ತಡವಾದ ಟಿಪ್ಪಣಿಗಳ ಮೂಲ ಅಲ್ಲಿತ್ತು.

ನೋಟ್‌ಬುಕ್ ಜೊತೆಗೆ ನಾನು ಅವರ ಕ್ಲೈಂಟ್‌ಗಳ ಪಟ್ಟಿಯನ್ನೂ ತೆಗೆದು ನೋಡಿದೆ. ನ್ಯಾಯಾಲಯದ ಆದೇಶದ ಮೇಲೆ ಬಂದವರು, ಹೊಡೆದಾಟದ ಹಿನ್ನೆಲೆ ಇದ್ದವರು, ಜೈಲಿನಿಂದ ಆಗಷ್ಟೇ ಹೊರಬಂದವರು, ಹೆಚ್ಚುಕಡಿಮೆ ಎಲ್ಲರೂ ಅವರ ಪಾಲಿಗೆ ಹೋಗಿದ್ದರು. ಮಕ್ಕಳು ಒಬ್ಬರೂ ಇರಲಿಲ್ಲ. ಹೊಸ ಕ್ಲೈಂಟ್‌ಗಳನ್ನು ಹಂಚುವ ಸಭೆಯಲ್ಲಿ ಒಮ್ಮೆ ಮಗುವೊಂದನ್ನು ಡಿ. ಅವರಿಗೆ ಕೊಡುವ ಮಾತು ಬಂದಾಗ, ತಾಯಿ ಗಾಬರಿಯಾಗಬಹುದು ಎಂದು ಯಾರೋ ಅಂದಿದ್ದರು. ಆ ತಾಯಿಯನ್ನು ಯಾರೂ ಕೇಳಿರಲಿಲ್ಲ. ಆ ಸಭೆಯಲ್ಲಿ ನಾನೂ ಇದ್ದೆ, ಸುಮ್ಮನಿದ್ದೆ.

ಗುರುತಿನ ಚೀಟಿಯ ಕಥೆ ಹೊರಬಂದದ್ದೂ ಈ ದಿನಗಳಲ್ಲೇ. ಡಿ. ಸೇರಿದ ಐದನೇ ತಿಂಗಳು, ಕ್ಲೈಂಟ್ ಒಬ್ಬರು ತೀವ್ರ ಸಂಕಟದಲ್ಲಿದ್ದಾಗ ಸ್ವಾಗತ ಮೇಜಿನವರು ಪೊಲೀಸರಿಗೆ ಫೋನ್ ಮಾಡಿದ್ದರು. ಕ್ಲೈಂಟ್ ಬಿಳಿಯ ವ್ಯಕ್ತಿ, ಕುರ್ಚಿಯಲ್ಲಿ ಕೂತಿದ್ದರು, ಡಿ. ಆ ವ್ಯಕ್ತಿಯ ಎದುರು ಮೊಣಕಾಲೂರಿ ಮಾತಾಡುತ್ತಿದ್ದರು. ಒಳಬಂದ ಇಬ್ಬರು ಅಧಿಕಾರಿಗಳು ಡಿ. ಅವರಿಗೆ ಕೈಗಳು ಕಾಣುವಂತೆ ಹಿಂದೆ ಸರಿಯಲು ಆಜ್ಞೆ ಮಾಡಿದರು. ಅವರು ಇಲ್ಲಿನ ಥೆರಪಿಸ್ಟ್ ಎಂದು ಸ್ವಾಗತ ಮೇಜಿನವರು ಕೂಗಿ ಹೇಳುವವರೆಗೆ ಡಿ. ಕೈಯೆತ್ತಿಕೊಂಡು ಗೋಡೆಗೆ ಒರಗಿ ನಿಂತಿದ್ದರು. ಅರ್ಧ ನಿಮಿಷ ಆಗಿರಬಹುದು, ಅಷ್ಟೆ. ಯಾರಿಗೂ ಏನೂ ಆಗಲಿಲ್ಲವೆಂಬ ಕಾರಣಕ್ಕೆ ಘಟನಾ ವರದಿಯನ್ನು ಯಾರೂ ಬರೆಯಲಿಲ್ಲ. ಸಂಜೆ ಡಿ. ತಮ್ಮ ಉಳಿದ ಮೂವರು ಕ್ಲೈಂಟ್‌ಗಳನ್ನು ನೋಡಿ ಮನೆಗೆ ಹೋದರು.

1970ರಲ್ಲಿ ಕಪ್ಪುವರ್ಣೀಯ ಮನೋವೈದ್ಯ ಚೆಸ್ಟರ್ ಪಿಯರ್ಸ್ ‘ಮೈಕ್ರೊಅಗ್ರೆಶನ್’ ಎಂಬ ಪದವನ್ನು ಕೊಟ್ಟರು. ಒಂದೊಂದಾಗಿ ನೋಡಿದರೆ ದೂರು ಕೊಡಲಾರದಷ್ಟು ಚಿಕ್ಕದಾದ, ಕೂಡಿಸಿದರೆ ಮನುಷ್ಯನನ್ನು ಸವೆಸುವ ನಡತೆಗಳಿಗೆ ಅವರಿಟ್ಟ ಹೆಸರು ಅದು. ಆ ಪದವನ್ನು ನಾನು ತರಗತಿಗಳಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಆದರೂ ನನ್ನ ಪಕ್ಕದ ಕೋಣೆಯಲ್ಲಿ ಅದು ನಡೆಯುತ್ತಿದ್ದದ್ದು ಕಾಣಬೇಕಾದರೆ ಹದಿನೇಳು ಗೆರೆಗಳ ನೋಟ್‌ಬುಕ್ ಬೇಕಾಯಿತು.

ತೀರ್ಮಾನಗಳು ಮತ್ತು ವಿರೋಧ

ನೋಟಿಸ್ ಬರೆಯುವುದಿಲ್ಲವೆಂದು ತಿಳಿಸಿ, ಡಿ. ಅವರ ಅನುಮತಿಯಿಂದ ಆ ಲೆಕ್ಕವನ್ನು ನಿರ್ದೇಶಕರ ಮುಂದಿಟ್ಟೆ. ಅವರು ತಳ್ಳಿಹಾಕಲಿಲ್ಲ, ಆದರೆ ಎರಡು ವಾದಗಳನ್ನು ಮುಂದಿಟ್ಟರು. ಎರಡೂ ಗಂಭೀರವಾದವೇ.

ಮೊದಲನೆಯದು, ಕಪ್ಪುವರ್ಣೀಯ ಗಂಡಸರಿಗೆ ಕಪ್ಪುವರ್ಣೀಯ ಚಿಕಿತ್ಸಕರಿಂದ ಹೆಚ್ಚು ಪ್ರಯೋಜನವಾಗುತ್ತದೆಂಬುದಕ್ಕೆ ಆಧಾರವಿದೆ ಎಂಬ ವಾದ. ಅದು ನಿಜ. ಕ್ಯಾಲಿಫೋರ್ನಿಯದ ಓಕ್‌ಲ್ಯಾಂಡ್‌ನಲ್ಲಿ ಮಾರ್ಸೆಲ್ಲಾ ಆಲ್ಸನ್ ಮತ್ತು ಸಂಗಡಿಗರು ಸುಮಾರು 1,300 ಕಪ್ಪುವರ್ಣೀಯ ಗಂಡಸರೊಂದಿಗೆ ನಡೆಸಿದ ಪ್ರಯೋಗದಲ್ಲಿ, ಕಪ್ಪುವರ್ಣೀಯ ವೈದ್ಯರನ್ನು ಕಂಡವರು ಮಧುಮೇಹ, ಕೊಲೆಸ್ಟರಾಲ್‌ನಂಥ ತಪಾಸಣೆಗಳಿಗೆ ಹೆಚ್ಚಾಗಿ ಒಪ್ಪಿದ್ದರು. ಅಪನಂಬಿಕೆಗೆ ಇತಿಹಾಸವೂ ಇದೆ. ಗುಲಾಮರು ತಪ್ಪಿಸಿಕೊಂಡು ಓಡುವುದನ್ನೇ ಮನೋರೋಗವೆಂದು 1851ರಲ್ಲಿ ವೈದ್ಯನೊಬ್ಬ ಹೆಸರಿಟ್ಟು ಬರೆದ ದೇಶ ಇದು. ಅಲಬಾಮ ರಾಜ್ಯದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ ಕಪ್ಪುವರ್ಣೀಯ ಗಂಡಸರಿಗೆ ಚಿಕಿತ್ಸೆ ಕೊಡದೆ ಸುಮ್ಮನೆ ಗಮನಿಸುತ್ತ ಕೂತ ದೇಶ. ಆದ್ದರಿಂದ ಡಿ. ಅವರನ್ನೇ ಬೇಕೆಂದು ಕೇಳಿ ಬರುವ ಕ್ಲೈಂಟ್‌ಗಳ ಮಾತಿಗೆ ಬೆಲೆ ಕೊಡಲೇಬೇಕು. ಆದರೆ ನಾವು ಕೇಳಿಬಂದವರನ್ನು ಕಳಿಸುತ್ತಿರಲಿಲ್ಲ. ನಮಗೆ ಭಯವಾದವರನ್ನು ಕಳಿಸುತ್ತಿದ್ದೆವು. ಓಕ್‌ಲ್ಯಾಂಡ್‌ನ ಪ್ರಯೋಗ ಅದನ್ನು ಹೇಳುವುದಿಲ್ಲ.

ಎರಡನೆಯದು, ಹೆಂಗಸರೇ ಹೆಚ್ಚಿರುವ ವೃತ್ತಿಯಲ್ಲಿ ಗಂಡಸರು ಬೇಗ ಮೇಲೇರುತ್ತಾರೆ, ಡಿ. ಅವರಿಗೂ ಆ ಅನುಕೂಲವಿದೆ ಎಂಬುದು. ಬಿಳಿಯ ಗಂಡಸರ ಮಟ್ಟಿಗೆ ಇದನ್ನು ಸಂಶೋಧಕರು ಗುರುತಿಸಿದ್ದಾರೆ. ಆದರೆ ಸಮಾಜಶಾಸ್ತ್ರಜ್ಞೆ ಆಡಿಯಾ ಹಾರ್ವಿ ವಿಂಗ್‌ಫೀಲ್ಡ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಪ್ಪುವರ್ಣೀಯ ಪುರುಷ ನರ್ಸ್‌ಗಳಿಗೆ ಆ ಏಣಿ ಸಿಕ್ಕಿರಲಿಲ್ಲ. ಅವರನ್ನು ಕಸಗುಡಿಸುವವರೆಂದು ತಿಳಿದುಕೊಳ್ಳುವುದು, ಸಹೋದ್ಯೋಗಿಗಳು ದೂರವಿಡುವುದು ಅಲ್ಲಿ ಕಂಡಿತ್ತು. ನಮ್ಮ ಕೇಂದ್ರದಲ್ಲಿ ಹಿಂದಿನ ಹತ್ತು ವರ್ಷಗಳಲ್ಲಿ ಮೇಲಿನ ಹುದ್ದೆಗೇರಿದ ಗಂಡಸರು ಯಾರೆಂದು ನೋಡಿಕೊಂಡಾಗ ಈ ವಾದ ಅಲ್ಲಿಗೇ ನಿಂತಿತು.

ಬದಲಾವಣೆಗಳು ಒಟ್ಟಿಗೆ ಬರಲಿಲ್ಲ, ತಿಂಗಳುಗಟ್ಟಲೆ ಹಿಡಿಯಿತು. ಉದ್ವೇಗದಲ್ಲಿರುವವರನ್ನು ಶಾಂತಗೊಳಿಸುವ ತರಬೇತಿಯನ್ನು ಎಲ್ಲ ಸಿಬ್ಬಂದಿಗೂ ಕಡ್ಡಾಯ ಮಾಡಿ, ಸಹಾಯಕ್ಕೆ ನಿಲ್ಲುವ ಕೆಲಸಕ್ಕೆ ಸರದಿ ಪಟ್ಟಿ ಮಾಡಿದೆವು. ಯಾರನ್ನೂ ಹೆಸರು ಹಿಡಿದು ಕರೆಯುವಂತಿಲ್ಲ. ಪೊಲೀಸರು ಬಂದರೆ ಒಬ್ಬ ನಿಗದಿತ ಸಿಬ್ಬಂದಿ ಬಾಗಿಲಲ್ಲೇ ಅವರನ್ನು ಎದುರುಗೊಂಡು, ಒಳಗಿರುವ ಸಿಬ್ಬಂದಿ ಯಾರು, ಕ್ಲೈಂಟ್ ಯಾರೆಂದು ಹೇಳಿದ ಮೇಲೆ ಮುಂದಿನ ಹೆಜ್ಜೆ. ಡಿ. ಅವರಿಗೆ ಮಕ್ಕಳನ್ನು ಕೊಡತೊಡಗಿದೆವು. ಬೇರೆ ಊರಿನ ಹಿರಿಯ ಕಪ್ಪುವರ್ಣೀಯ ಮನೋವಿಜ್ಞಾನಿಯೊಬ್ಬರೊಂದಿಗೆ ತಿಂಗಳಿಗೆರಡು ಸಲ ವಿಡಿಯೊ ಮೂಲಕ ಮಾತಾಡಲು ಕೇಂದ್ರವೇ ಹಣ ಕೊಟ್ಟಿತು. ಅಲ್ಲಿ ಏನು ಮಾತಾಡಿದರೆಂದು ನಾನು ಕೇಳುವಂತಿಲ್ಲವೆಂಬುದೂ ಒಪ್ಪಂದದಲ್ಲಿತ್ತು. ಕಪ್ಪುವರ್ಣೀಯ ಮನೋವಿಜ್ಞಾನಿಗಳು ಮತ್ತು ಸಮಾಜಕಾರ್ಯಕರ್ತರು 1968ರಲ್ಲಿ ತಮ್ಮದೇ ರಾಷ್ಟ್ರೀಯ ಸಂಘಗಳನ್ನು ಕಟ್ಟಿಕೊಂಡದ್ದು ಯಾಕೆಂದು ನನಗೆ ಆಗ ಸರಿಯಾಗಿ ತಿಳಿಯಿತು. ಕೆಲವು ಮಾತುಗಳನ್ನು ಮೊದಲಿನಿಂದ ವಿವರಿಸದೆ ಆಡಬಹುದಾದ ಒಂದು ಜಾಗ ಮನುಷ್ಯನಿಗೆ ಬೇಕು.

ಪ್ರತಿಕ್ರಿಯೆಗಳಲ್ಲಿ ಎರಡನ್ನು ಹೇಳಲೇಬೇಕು. ಬಿಳಿಯ ಸಹೋದ್ಯೋಗಿಯೊಬ್ಬರು ಸರದಿ ಪಟ್ಟಿಯ ಸಭೆಯಲ್ಲಿ, ತಾನು ಡಿ. ಅವರನ್ನು ನಂಬಿಕೆಯಿಂದ ಕರೆದೆನೇ ಹೊರತು ಬೇರೆ ಕಾರಣದಿಂದಲ್ಲ ಎಂದು ಅತ್ತರು. ಅವರು ಹೇಳಿದ್ದು ನಿಜವೇ ಇರಬೇಕು. ಆಗ ಡಿ. ಆ ಸಹೋದ್ಯೋಗಿಯನ್ನು ಸಮಾಧಾನ ಮಾಡಲು ಏಳುತ್ತಿದ್ದುದನ್ನು ಕಂಡು, ನಾನೇ ಎದ್ದು ಸಹೋದ್ಯೋಗಿಯನ್ನು ಹೊರಗೆ ಕರೆದುಕೊಂಡು ಹೋದೆ. ಈ ಇಡೀ ಪ್ರಕರಣದಲ್ಲಿ ತಕ್ಷಣ ಸರಿಯಾಗಿ ಮಾಡಿದ ಕೆಲಸ ಅದೊಂದೇ ಎಂದು ನನಗನ್ನಿಸುತ್ತದೆ. ಇನ್ನೊಂದು ಮಾತು ಹೆಚ್ಚು ಕಠಿಣವಾದದ್ದು. ಕಪ್ಪುವರ್ಣೀಯ ಹಿರಿಯ ಸಹೋದ್ಯೋಗಿನಿಯೊಬ್ಬರು ನನ್ನ ಕೋಣೆಗೆ ಬಂದು, ಕ್ಲೈಂಟ್ ಹಂಚಿಕೆ ಸರಿಯಿಲ್ಲವೆಂದು ತಾವಿಬ್ಬರು ಹೆಂಗಸರು ಆರು ವರ್ಷದಿಂದ ಹೇಳುತ್ತ ಬಂದಿದ್ದೇವೆ, ಡಿ. ಕುಸಿಯುವವರೆಗೆ ಯಾರೂ ಯಾಕೆ ಎಣಿಸಲಿಲ್ಲ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರಿಬ್ಬರ ಪಟ್ಟಿಗಳನ್ನೂ ಅದೇ ವಾರ ತೆಗೆದು ನೋಡಿದೆವು. ಒಬ್ಬರಿಗಾಗಿ ಶುರುವಾದ ಲೆಕ್ಕವನ್ನು ಅವರೊಬ್ಬರಲ್ಲೇ ನಿಲ್ಲಿಸಿದ್ದರೆ ಅದೂ ಒಂದು ಅನ್ಯಾಯವೇ ಆಗುತ್ತಿತ್ತು.

ಪರೀಕ್ಷೆ

ಇದರ ನಡುವೆಯೇ, 2023ರ ವಸಂತದಲ್ಲಿ, ಡಿ. ಸ್ವತಂತ್ರವಾಗಿ ಚಿಕಿತ್ಸೆ ಕೊಡಲು ಬೇಕಾದ ಕ್ಲಿನಿಕಲ್ ಲೈಸೆನ್ಸ್ ಪರೀಕ್ಷೆಯಲ್ಲಿ ಕೆಲವೇ ಅಂಕಗಳಿಂದ ಫೇಲಾದರು. ನಿಗದಿತ ಅವಧಿಯಲ್ಲಿ ಪಾಸಾಗದವರ ಸಂಬಳದ ದರ್ಜೆ ಇಳಿಯಬೇಕೆಂಬುದು ನಮ್ಮ ನಿಯಮವಾಗಿತ್ತು. ಆ ಪರೀಕ್ಷೆ ನಡೆಸುವ ಸಂಸ್ಥೆಯೇ 2022ರ ಆಗಸ್ಟ್‌ನಲ್ಲಿ ತನ್ನ ಅಂಕಿಅಂಶಗಳನ್ನು ಹೊರಗಿಟ್ಟಿತ್ತು: ಮೊದಲ ಯತ್ನದಲ್ಲಿ ಬಿಳಿಯರು ಸುಮಾರು ಶೇ. 84ರಷ್ಟು ಪಾಸಾದರೆ, ಕಪ್ಪುವರ್ಣೀಯರು ಶೇ. 45. ಒಂದೇ ಬಗೆಯ ಪದವಿ ಪಡೆದು, ಅಷ್ಟೇ ಗಂಟೆಗಳ ಮೇಲ್ವಿಚಾರಿತ ಕೆಲಸ ಮುಗಿಸಿ ಬಂದವರ ನಡುವೆ ಇಷ್ಟು ಅಂತರವಿದ್ದರೆ, ಪರೀಕ್ಷೆ ಅಳೆಯುತ್ತಿರುವುದು ಏನನ್ನು ಎಂದು ಕೇಳಲೇಬೇಕಾಗುತ್ತದೆ. ಇಲಿನಾಯ್ ರಾಜ್ಯ 2022ರಿಂದ ಕೆಳಹಂತದ ಸಮಾಜಕಾರ್ಯ ಲೈಸೆನ್ಸ್‌ಗೆ ಪರೀಕ್ಷೆಯನ್ನೇ ಕೈಬಿಟ್ಟಿದೆ. ನಮಗೆ ಆ ಅಧಿಕಾರವಿರಲಿಲ್ಲ, ಆದರೆ ಸಂಬಳದ ನಿಯಮ ನಮ್ಮದೇ. ಅದನ್ನು ತೆಗೆದುಹಾಕಿ, ಓದಿಗೆ ವಾರಕ್ಕೆ ಮೂರು ಗಂಟೆ ಸಂಬಳ ಸಹಿತ ಬಿಡುವು ಕೊಟ್ಟೆವು. ಡಿ. ಎರಡನೇ ಯತ್ನದಲ್ಲಿ ಪಾಸಾದರು.

ನಂತರ

ಟಿಪ್ಪಣಿಗಳು ಎರಡು ತಿಂಗಳಲ್ಲಿ ಹಳಿಗೆ ಬಂದವು. ಸಭೆಗಳಲ್ಲಿ ಡಿ. ಮಾತಾಡತೊಡಗಿದರು, ಕೆಲವೊಮ್ಮೆ ನನಗೆ ಇಷ್ಟವಾಗದ ಮಾತನ್ನೂ. ಅವರ ಮೊದಲ ಪುಟ್ಟ ಕ್ಲೈಂಟ್ ಒಂಬತ್ತು ವರ್ಷದ ಹುಡುಗ, ಅಣ್ಣನನ್ನು ಗುಂಡೇಟಿನಲ್ಲಿ ಕಳೆದುಕೊಂಡು ಶಾಲೆಯಲ್ಲಿ ಮಾತು ನಿಲ್ಲಿಸಿದ್ದವನು. ಮೊದಲ ಮೂರು ಭೇಟಿಗಳಲ್ಲಿ ಅವನು ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿದ್ದಷ್ಟೇ. ನಾಲ್ಕನೇ ದಿನ ತಲೆಯೆತ್ತಿ, ‘ನೀವು ಇಲ್ಲಿ ಕೆಲಸ ಮಾಡೋದಾ, ಇಲ್ಲಾ ನಿಮ್ಮನ್ನೂ ಇಲ್ಲಿಗೆ ಕಳಿಸಿದ್ದಾರಾ?’ ಎಂದು ಕೇಳಿದನಂತೆ. ಕೆಲಸ ಮಾಡುತ್ತೇನೆ, ಈ ಕೋಣೆ ನನ್ನದೇ ಎಂದು ಡಿ. ಹೇಳಿದಾಗ, ಹುಡುಗ ಗೋಡೆಯ ಮೇಲಿನ ಫೋಟೊ ತೋರಿಸಿ ಅದು ನಿಮ್ಮ ಅಜ್ಜನಾ ಎಂದನಂತೆ. ಇದನ್ನು ಹೇಳುವಾಗ ಡಿ. ನಕ್ಕರು. ಆ ಕೋಣೆಯಲ್ಲಿ ಅವರು ನಕ್ಕದ್ದನ್ನು ನಾನು ಮೊದಲು ಕಂಡದ್ದು ಆವತ್ತು. ಫುಲ್ಲರ್ ಯಾರೆಂದು ನಾನು ಕೇಳಿದ್ದೂ ಆವತ್ತೇ.

ಆದರೂ ಡಿ. 2024ರ ಬೇಸಿಗೆಯಲ್ಲಿ ನಮ್ಮನ್ನು ಬಿಟ್ಟು, ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಥೆರಪಿಸ್ಟ್ ಹುದ್ದೆಗೆ ಹೋದರು. ಕೇಂದ್ರದಲ್ಲಿ ಕೆಲವರು ಇದನ್ನು ನಮ್ಮ ಸೋಲೆಂದರು. ನಾನು ಹಾಗೆ ಭಾವಿಸುವುದಿಲ್ಲ. ಅವರು ವೃತ್ತಿಯನ್ನು ಬಿಟ್ಟು ಹೋಗಬಹುದಾಗಿತ್ತು. ಬದಲಿಗೆ ತಾವು ಕಲಿತ ಕೆಲಸವನ್ನೇ ಪೂರ್ತಿಯಾಗಿ ಮಾಡಲು ಹೋದರು. ಅಲ್ಲಿಯೂ ತಮ್ಮಂಥವರು ಬೇರೆ ಯಾರೂ ಇಲ್ಲವೆಂದು ಇತ್ತೀಚೆಗೆ ಫೋನಿನಲ್ಲಿ ಹೇಳಿದರು.

ಕೊನೆಯ ದಿನದ ಸಂದರ್ಶನದಲ್ಲಿ ಅವರು ಕೇಳಿದ್ದು ಎರಡೇ: ಕರಪತ್ರದಿಂದ ತಮ್ಮ ಫೋಟೊ ತೆಗೆಯಬೇಕು, ಸರದಿ ಪಟ್ಟಿಯನ್ನು ಮುಂದುವರಿಸಬೇಕು. ಫೋಟೊ ತೆಗೆಯಲು ನಾಲ್ಕು ತಿಂಗಳು ಹಿಡಿಯಿತು. ಸರದಿ ಪಟ್ಟಿ ಸ್ವಾಗತ ಮೇಜಿನ ಹಿಂದಿನ ಗೋಡೆಯ ಮೇಲಿದೆ, ಪ್ರತಿ ತಿಂಗಳ ಮೊದಲ ದಿನ ಹೊಸ ಹಾಳೆ ಅಂಟಿಸುತ್ತೇವೆ. ಅದರಲ್ಲಿ ಗುರುವಾರ ನನ್ನದು.